ಸಿಸ್ಟರ್‌ಗಳ ಪತ್ರಕ್ಕೆ ಉತ್ತರ: ರಾತ್ರಿ ಪಾಳಿ, ಸೂಜಿ ಗಾಯ, ಬಾಂಡು, ಸಂಬಳ

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ನರ್ಸಿಂಗ್ ಕೆಲಸದಲ್ಲಿರುವವರದು. ಹೆಸರು ಹಾಕಬೇಡಿ ಎಂದು ಬಹಳ ಮಂದಿ ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರು ಮಾತ್ರ ಉಳಿಸಿದ್ದೇವೆ. ಉತ್ತರ ಬರೆದವರು ಶುಶ್ರೂಷಾ ಆಡಳಿತ ಮತ್ತು ಕಾರ್ಮಿಕ ಕಾನೂನು ಎರಡನ್ನೂ ಬಲ್ಲವರು.

ಪ್ರಶ್ನೆ: ನಮ್ಮದು 30 ಹಾಸಿಗೆಯ ಮೆಡಿಕಲ್ ವಾರ್ಡು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನಾನೊಬ್ಬಳೇ ನರ್ಸ್, ಜೊತೆಗೊಬ್ಬ ಆಯಾ. ಕೇಳಿದರೆ ‘ಐದು ರೋಗಿಗೆ ಒಬ್ಬರು ಎಂಬ ನಿಯಮದಂತೆ ಎಂಟು ಜನ ಕೊಟ್ಟಿದ್ದೇವಲ್ಲ’ ಅನ್ನುತ್ತಾರೆ. ಎಂಟು ಜನ ಇರುವುದು ನಿಜ. ಹಾಗಿದ್ದರೆ ನಿಭಾಯಿಸಲಾಗದ್ದು ನನ್ನ ತಪ್ಪೇ? — ಹಾಸನ

ಉತ್ತರ: ನಿಮ್ಮ ತಪ್ಪಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ 1:5, ಬೋಧನಾ ಆಸ್ಪತ್ರೆಗೆ 1:3; ಅದರ ಮೇಲೆ ರಜೆಗೆಂದು ಶೇ 30 ಹೆಚ್ಚುವರಿ. ಈ ಅನುಪಾತ ಹೇಳುವುದು ವಾರ್ಡಿಗೆ ಒಟ್ಟು ಎಷ್ಟು ಹುದ್ದೆ ಎಂಬುದನ್ನು. ಒಂದು ಪಾಳಿಯಲ್ಲಿ ಎಷ್ಟು ಜನ ನಿಂತಿರಬೇಕು ಎಂಬುದು ಬೇರೆ ಲೆಕ್ಕ. ಬೋಧನಾ ಆಸ್ಪತ್ರೆಯ 1:3ರ ಪಕ್ಕದಲ್ಲೇ ‘ಪಾಳಿಗೆ 1:9’ ಎಂದಿದೆ. ಅದನ್ನು ಓದಿ ಹೇಳುವವರು ಕಡಿಮೆ.

30 ಹಾಸಿಗೆಗೆ 1:5 ಅಂದರೆ ಆರು ಜನ. ಶೇ 30 ಸೇರಿಸಿದರೆ 7.8, ಅಂದರೆ ಎಂಟು. ಒಬ್ಬೊಬ್ಬರು ವಾರಕ್ಕೆ ಆರು ಡ್ಯೂಟಿ ಮಾಡಿದರೆ ಒಟ್ಟು 48 ಡ್ಯೂಟಿ. ಬೆಳಿಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು ಅಂದರೆ ದಿನಕ್ಕೆ ಆರು, ವಾರಕ್ಕೆ 42. ಉಳಿದ ಆರು ಡ್ಯೂಟಿ ರಜೆ ಹಾಕಿದವರ ಜಾಗ ತುಂಬಲು ಹೋಗುತ್ತದೆ. ನೀವು ರಾತ್ರಿ ಒಬ್ಬರೇ ಆದದ್ದು ಹೀಗೆ. ನಿಯಮ ಪಾಲಿಸಿದ್ದೇವೆ ಎಂಬ ಅವರ ಮಾತೂ ನಿಜ, ನಿಮ್ಮ ಕಷ್ಟವೂ ನಿಜ. ಪ್ರತಿ ಪಾಳಿಯಲ್ಲೂ ಆರು ರೋಗಿಗೆ ಒಬ್ಬರಿರಬೇಕಾದರೆ ಪಾಳಿಗೆ ಐವರು, ದಿನಕ್ಕೆ ಹದಿನೈದು, ವಾರಕ್ಕೆ 105 ಡ್ಯೂಟಿ. ಆರರಿಂದ ಭಾಗಿಸಿದರೆ ಹದಿನೇಳೂವರೆ; ವರ್ಷದ ರಜೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು ಇಪ್ಪತ್ತು ಜನ. ಎಂಟಕ್ಕೂ ಇಪ್ಪತ್ತಕ್ಕೂ ಇರುವ ಅಂತರವನ್ನು ನಿಮ್ಮ ಕಾಲುಗಳು ಹೊರುತ್ತಿವೆ.

ಇನ್ನು ಕೆಲಸದ ಲೆಕ್ಕ. 28 ರೋಗಿಗಳಿದ್ದಾರೆ ಅಂದುಕೊಳ್ಳಿ. ರಾತ್ರಿಯ ಮಾತ್ರೆ, ಇಂಜೆಕ್ಷನ್ನಿಗೆ ಕೇಸ್ ಶೀಟ್ ನೋಡಿ, ಹೆಸರು ಕೇಳಿ, ಕೊಟ್ಟು, ಬರೆದಿಡಲು ತಲಾ ಐದು ನಿಮಿಷ ಹಿಡಿದರೂ 140 ನಿಮಿಷ. ಹತ್ತು ಗಂಟೆಗೆ ಟ್ರಾಲಿ ಹೊರಟರೆ ಕೊನೆಯ ಹಾಸಿಗೆಗೆ ಮುಟ್ಟುವಾಗ ಹನ್ನೆರಡು ದಾಟಿರುತ್ತದೆ. ನಡುವೆ ಒಂದು ಹೊಸ ಅಡ್ಮಿಷನ್ ಬಂದರೆ ಇನ್ನೂ ತಡ. ಔಷಧ ತಪ್ಪುವುದು, ಡ್ರಿಪ್ ಮುಗಿದು ರಕ್ತ ಹಿಂದಕ್ಕೆ ಬರುವುದು, ಪಕ್ಕ ಹೊರಳಿಸದೆ ಬೆನ್ನಿಗೆ ಹುಣ್ಣಾಗುವುದು ಇಂಥ ಹೊತ್ತಲ್ಲೇ. ಹಾಗಾದಾಗ ನೋಟಿಸು ಬರುವುದು ಚಾರ್ಟ್ ಹಾಕಿದವರಿಗಲ್ಲ, ಡ್ಯೂಟಿಯಲ್ಲಿದ್ದ ನಿಮಗೆ.

ಹಾಗಾಗಿ ಬರಹದ ದಾಖಲೆ ಮಾಡಿ. ಹದಿನಾಲ್ಕು ರಾತ್ರಿ ಬಿಡದೆ ಒಂದು ಪುಸ್ತಕದಲ್ಲಿ ಇಷ್ಟು ಬರೆಯಿರಿ: ರೋಗಿಗಳ ಸಂಖ್ಯೆ, ಆಕ್ಸಿಜನ್ ಮೇಲಿರುವವರು, ಡ್ರಿಪ್ ಇರುವವರು, ಕ್ಯಾತಿಟರ್ (ಮೂತ್ರದ ನಳಿಕೆ) ಇರುವವರು, ಎಚ್ಚರವಿಲ್ಲದವರು, ಹೊಸ ಅಡ್ಮಿಷನ್, ಡ್ಯೂಟಿಯಲ್ಲಿದ್ದ ನರ್ಸ್‌ಗಳ ಸಂಖ್ಯೆ, ಅರ್ಧ ಗಂಟೆಗಿಂತ ತಡವಾದ ಔಷಧಗಳ ಸಂಖ್ಯೆ. ಬಿಲ್ಲಿಂಗ್‌ಗೆ ಓಡಿದ್ದು, ಸ್ಟೋರಿಗೆ ಹೋಗಿ ಇಂಡೆಂಟ್ (ಬೇಡಿಕೆ ಪಟ್ಟಿಯ ಸಾಮಾನು) ತಂದದ್ದು, ಲ್ಯಾಬಿಗೆ ಸ್ಯಾಂಪಲ್ ಒಯ್ದದ್ದು ಎಷ್ಟು ನಿಮಿಷ ತಿಂದಿತು ಎಂಬುದೂ ಇರಲಿ. ರೋಗಿಯ ಹೆಸರು ಬೇಡ. ‘ಬಹಳ ಕಷ್ಟವಾಗುತ್ತಿದೆ ಮೇಡಂ’ ಎಂಬ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ಅಂಕಿಗಳಿರುವ ಒಂದು ಪುಟಕ್ಕೆ ಉತ್ತರ ಕೊಡದಿರುವುದು ಕಷ್ಟ. ಎಂಟು ಜನರೂ ಸಹಿ ಹಾಕಿ, ಶುಶ್ರೂಷಾ ಅಧೀಕ್ಷಕರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಪಡೆಯಿರಿ. ಕೇಳುವುದು ಒಂದೇ ಇರಲಿ: ರಾತ್ರಿಗೆ ಎರಡನೆಯ ನರ್ಸ್. ಅದು ಕೂಡಲೇ ಆಗದಿದ್ದರೆ ಸ್ಯಾಂಪಲ್, ಇಂಡೆಂಟ್, ಬಿಲ್ಲಿನ ಓಡಾಟಕ್ಕೆ ರಾತ್ರಿ ಒಬ್ಬ ಅಟೆಂಡರ್.

ಅದಾಗುವವರೆಗೂ ಒಂದು ಮಾತು ಬಿಡಬೇಡಿ. ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ) ಕೊಡುವ ಮೊದಲು ಇನ್ನೊಬ್ಬರ ಕಣ್ಣು ಬೀಳಲೇಬೇಕು. ಪಕ್ಕದ ವಾರ್ಡಿನ ಸಿಸ್ಟರ್ ಇಲ್ಲವೇ ಡ್ಯೂಟಿ ಡಾಕ್ಟರ್ ಯಾರಾದರೂ ಸರಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲುಗಳು ಸಾಮಾನ್ಯ ವಾರ್ಡಿನ ಟ್ರೇಯಲ್ಲಿ ಇರುವುದೇ ಬೇಡ.

ಪ್ರಶ್ನೆ: ಕ್ಯಾನುಲಾ (ಡ್ರಿಪ್‌ಗಾಗಿ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕುವಾಗ ರೋಗಿ ಕೈ ಎಳೆದು ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿತು. ಅವರ ರಿಪೋರ್ಟ್ ಬಂದಿರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ‘ರಕ್ತ ಹಿಂಡಿ ಸ್ಪಿರಿಟ್ ಹಾಕು, ದೊಡ್ಡದು ಮಾಡಬೇಡ’ ಎಂದರು. ಎರಡು ವಾರವಾಯಿತು, ನಿದ್ದೆಯಿಲ್ಲ. — ರಾಯಚೂರು

ಉತ್ತರ: ಮೊದಲು ನಿಮ್ಮ ವಿಷಯ. ಎಚ್‌ಐವಿ ತಡೆಯುವ ಮಾತ್ರೆ ಶುರುಮಾಡಲು 72 ಗಂಟೆಯ ಗಡುವಿದೆ, ಅದು ದಾಟಿದೆ. ಆದರೆ ಹೆದರಿಕೆ ಎಷ್ಟಿರಬೇಕೋ ಅಷ್ಟೇ ಇರಲಿ. ರೋಗಿಗೆ ಎಚ್‌ಐವಿ ಇದ್ದದ್ದು ಖಚಿತವಾಗಿದ್ದರೂ ಒಂದು ಸೂಜಿ ಚುಚ್ಚಿನಿಂದ ಸೋಂಕು ದಾಟುವ ಸಾಧ್ಯತೆ ಸುಮಾರು ಶೇ 0.3, ಸಾವಿರದಲ್ಲಿ ಮೂರು. ನಿಜಕ್ಕೂ ಅಂಜಬೇಕಾದದ್ದು ಹೆಪಟೈಟಿಸ್ ಬಿ: ಲಸಿಕೆ ಹಾಕಿಸಿಕೊಳ್ಳದವರಲ್ಲಿ ಅದು ಶೇ 6ರಿಂದ 30ರವರೆಗೆ. ನಾಳೆಯೇ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಕ್ಕೆ ಹೋಗಿ. ಎಚ್‌ಐವಿ ಪರೀಕ್ಷೆ ಅಲ್ಲಿ ಉಚಿತ, ಗುಟ್ಟಾಗಿರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಎಚ್‌ಐವಿ ಪರೀಕ್ಷೆಯನ್ನು ಚುಚ್ಚಿದ ದಿನದಿಂದ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ ರಕ್ತದಾನ ಬೇಡ, ದಾಂಪತ್ಯದಲ್ಲಿ ಕಾಂಡೋಮ್ ಬಳಸಿ. ಆ ರೋಗಿಯ ರಿಪೋರ್ಟ್ ಅಷ್ಟರಲ್ಲಿ ಬಂದಿರುತ್ತದೆ; ಅದು ನಿಮ್ಮ ಚಿಕಿತ್ಸೆಗೆ ಬೇಕಾದ ಮಾಹಿತಿ, ವೈದ್ಯಾಧಿಕಾರಿಯ ಮೂಲಕ ಕೇಳಿ.

ಇನ್ನು ಚುಚ್ಚಿದ ಕೂಡಲೇ ಮಾಡಬೇಕಾದದ್ದು. ಕೈಗವಸು ತೆಗೆದು ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಬಾರದು. ಹಿಂಡಿದರೆ ಆ ಜಾಗದ ಅಂಗಾಂಶ ನಜ್ಜಾಗುತ್ತದೆ, ಸೋಂಕು ಹೊರಬರುವುದಿಲ್ಲ. ಸ್ಪಿರಿಟ್, ಬ್ಲೀಚಿಂಗ್ ದ್ರಾವಣ, ಡೆಟಾಲ್ ಯಾವುದೂ ಬೇಡ. ಬೆರಳನ್ನು ಬಾಯಿಗೆ ಇಡಲೇಬಾರದು. ಕಣ್ಣಿಗೆ ರಕ್ತ ಹಾರಿದ್ದರೆ ಬರೀ ನೀರು ಅಥವಾ ಸಲೈನ್‌ನಿಂದ ತೊಳೆಯಬೇಕು. ಆಮೇಲೆ ಡ್ಯೂಟಿ ಡಾಕ್ಟರಿಗೆ ತಿಳಿಸಿ, ಗಂಟೆ, ಜಾಗ, ಸೂಜಿಯ ಬಗೆ, ಕೈಗವಸು ಇತ್ತೇ ಇಲ್ಲವೇ ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯಿಸಿ. ಒಳಗೆ ಪೊಳ್ಳಿರುವ ಸೂಜಿಗೆ, ಅಂದರೆ ಕ್ಯಾನುಲಾ, ಸಿರಿಂಜಿನದಕ್ಕೆ, ಹೊಲಿಗೆ ಸೂಜಿಗಿಂತ ಅಪಾಯ ಹೆಚ್ಚು. ಅದಕ್ಕೇ ಸೂಜಿಯ ಬಗೆ ಬರೆಯಬೇಕು.

ಮಾತ್ರೆ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಎರಡು ಗಂಟೆಯೊಳಗೆ ಮೊದಲ ಗುಳಿಗೆ ಬಿದ್ದರೆ ಒಳ್ಳೆಯದು. ರೋಗಿಯ ರಿಪೋರ್ಟಿಗೆ ಕಾಯುತ್ತ ಕೂರಬಾರದು, ಬೇಡವೆಂದಾದರೆ ಆಮೇಲೆ ನಿಲ್ಲಿಸಬಹುದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, 28 ದಿನ. ವಾಕರಿಕೆಯೆಂದು ನಡುವೆಯೇ ಬಿಟ್ಟುಬಿಡುವವರಿದ್ದಾರೆ. ರಾತ್ರಿ ಊಟದ ಮೇಲೆ ತೆಗೆದುಕೊಂಡರೆ ಸಾಮಾನ್ಯವಾಗಿ ತಡೆದುಕೊಳ್ಳಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ನುಂಗುತ್ತಿರುತ್ತಾರೆ, ಆಸಿಡಿಟಿಗೆ ಆಂಟಾಸಿಡ್ ಕುಡಿಯುತ್ತಾರೆ. ಇವು ಡೊಲುಟೆಗ್ರಾವಿರ್ ಹೀರಿಕೆಯನ್ನು ತಡೆಯುತ್ತವೆ. ಅವುಗಳಿಗೆ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ಬಿಟ್ಟು ಈ ಮಾತ್ರೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದವರಿಗೆ, ರೋಗಿಗೆ ಆ ಸೋಂಕು ಇದ್ದಲ್ಲಿ, ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಲಸಿಕೆಯ ಮೊದಲ ಡೋಸನ್ನೂ 24 ಗಂಟೆಯೊಳಗೆ ಕೊಡುವುದು ಉತ್ತಮ.

ನಿಮ್ಮ ಇನ್‌ಚಾರ್ಜ್ ಸಿಸ್ಟರಿಗೆ ಈ ಎರಡು ಕಾನೂನು ತೋರಿಸಿ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ 19ನೇ ಕಲಮಿನಂತೆ, ಕೆಲಸದಲ್ಲಿ ಸೋಂಕಿಗೆ ಒಡ್ಡಿಕೊಂಡವರಿಗೆ ಈ ಮಾತ್ರೆ ಒದಗಿಸುವುದು ಆಸ್ಪತ್ರೆಯ ಹೊಣೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ, ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸುವುದೂ ಅವರದೇ ಕೆಲಸ. ಲಸಿಕೆ 0, 1, 6ನೇ ತಿಂಗಳಿಗೆ ಮೂರು ಡೋಸು. ಮೂರನೆಯ ಡೋಸು ಮುಗಿದ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ ನೋಡಿಸಿ. 10 mIU/mL ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಸಿಕ್ಕಿದೆ ಎಂದರ್ಥ. ಆ ಕಾಗದವನ್ನು ಜೋಪಾನವಾಗಿಡಿ.

ಸೂಜಿಗೆ ಮತ್ತೆ ಮುಚ್ಚಳ ಹಾಕುವುದು, ಬಳಸಿದ ಸೂಜಿಯನ್ನು ಕಿಡ್ನಿ ಟ್ರೇಯಲ್ಲಿಟ್ಟು ನಡೆಯುವುದು, ಬಳಸಿದ ಸೂಜಿ ಹಾಕುವ ಬಿಳಿ ಡಬ್ಬಿ ಮುಕ್ಕಾಲು ತುಂಬಿದ ಮೇಲೂ ಒತ್ತಿ ತುರುಕುವುದು, ಹೆಚ್ಚಿನ ಚುಚ್ಚುಗಳ ಮೂಲ ಈ ಮೂರೇ. ಡಬ್ಬಿ ಕೈಗೆಟುಕುವಷ್ಟು ಹತ್ತಿರ, ಟ್ರಾಲಿಯ ಮೇಲೆಯೇ ಇರಲಿ.

ಪ್ರಶ್ನೆ: ಕೆಲಸಕ್ಕೆ ಸೇರುವಾಗ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಂಕಪಟ್ಟಿ, ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಎಲ್ಲ ಒರಿಜಿನಲ್ ಇಟ್ಟುಕೊಂಡರು. ಎರಡು ವರ್ಷದ ಬಾಂಡು, ಬಿಟ್ಟರೆ ಒಂದು ಲಕ್ಷ ಕಟ್ಟಬೇಕಂತೆ. ಹನ್ನೊಂದು ತಿಂಗಳಾಗಿದೆ, ಊರ ಹತ್ತಿರ ಕೆಲಸ ಸಿಕ್ಕಿದೆ. — ಚಿತ್ರದುರ್ಗದವರು, ಈಗ ಬೆಂಗಳೂರು

ಉತ್ತರ: ಬಾಂಡು ಬೇರೆ, ಸರ್ಟಿಫಿಕೇಟು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹೆದರಿಸುವುದು ಅವರ ದಾರಿ. ನೀವು ಬಿಡಿಸಿ ನೋಡಿ.

ಸರ್ಟಿಫಿಕೇಟು ನಿಮ್ಮ ಸ್ವತ್ತು. ಅದನ್ನು ಒತ್ತೆಯಾಗಿ ಇಟ್ಟುಕೊಳ್ಳಲು ಕೆಲಸ ಕೊಟ್ಟವರಿಗೆ ಹಕ್ಕಿಲ್ಲ. ಯಾವ ಯಾವ ದಾಖಲೆ, ಅದರ ನಂಬರು, ಕೊಟ್ಟ ದಿನಾಂಕ ಪಟ್ಟಿ ಮಾಡಿ ‘ಏಳು ದಿನದೊಳಗೆ ಹಿಂದಿರುಗಿಸಿ’ ಎಂದು ಇಮೇಲ್ ಮಾಡಿ. ಅದೇ ಕಾಗದವನ್ನು ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಕೊಡುವಾಗ ರಸೀದಿ ಪಡೆದಿರದಿದ್ದರೆ ಎಚ್‌ಆರ್‌ನವರ ಜೊತೆಗಿನ ವಾಟ್ಸ್ಆ್ಯಪ್ ಮಾತುಕತೆಯೂ ಸಾಕ್ಷಿಯಾಗುತ್ತದೆ, ಅಳಿಸಬೇಡಿ. ಏಳು ದಿನಕ್ಕೆ ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100. ವಕೀಲರ ನೋಟಿಸು ಹೋದ ಮೇಲೆ ಬಹಳಷ್ಟು ಕಡೆ ಕವರು ತಾನಾಗಿಯೇ ಹೊರಬರುತ್ತದೆ. ಬಾರದಿದ್ದರೆ ಪೊಲೀಸ್ ದೂರು, ಅದರ ಪ್ರತಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿಗೂ ಹೋಗಲಿ.

ಬಾಂಡಿನ ವಿಷಯದಲ್ಲಿ ಮಾತ್ರ ಸುಳ್ಳು ಧೈರ್ಯ ಹೇಳಲಾರೆವು. ಬಾಂಡುಗಳೆಲ್ಲ ಕಸದ ಬುಟ್ಟಿಗೆ ಎಂದು ಹೇಳುವವರನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದ ಷರತ್ತನ್ನೂ ಎರಡು ಲಕ್ಷದ ಮೊತ್ತವನ್ನೂ ಎತ್ತಿಹಿಡಿದಿದೆ. ಅದು ಸಾರ್ವಜನಿಕ ಬ್ಯಾಂಕು. ನೇಮಕಾತಿಯ ಖರ್ಚು, ಹುದ್ದೆಯ ಸಂಬಳ ಎಲ್ಲ ಬೇರೆ. ನಿಮ್ಮ ವಿಷಯದಲ್ಲಿ ಕೆಲಸಕ್ಕೆ ಬರುವುದು 1872ರ ಕರಾರು ಕಾಯ್ದೆಯ 74ನೇ ಕಲಮು: ಕಾಗದದಲ್ಲಿ ಎಷ್ಟೇ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಆಸ್ಪತ್ರೆ ನಿಮಗೆ ದುಡ್ಡು ಕಟ್ಟಿ ಡಯಾಲಿಸಿಸ್ ಕೋರ್ಸು ಮಾಡಿಸಿದ್ದರೆ ಕೇಳಲು ಒಂದು ಆಧಾರವಿದೆ. ಮೂರು ದಿನ ಇಂಡಕ್ಷನ್ ಕೊಟ್ಟು ನಾಲ್ಕನೇ ದಿನ ವಾರ್ಡಿಗೆ ಬಿಟ್ಟಿದ್ದರೆ ಒಂದು ಲಕ್ಷದ ಲೆಕ್ಕವನ್ನು ಅವರು ಎಲ್ಲಿಂದ ತೋರಿಸಿಯಾರು? ಏನೇ ಆಗಲಿ, ಹೇಳದೆ ಕೇಳದೆ ಊರಿಗೆ ಹೋಗಿಬಿಡಬೇಡಿ. ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿ ಪೂರೈಸಿ, ರಾಜೀನಾಮೆ ಬರಹದಲ್ಲಿ ಕೊಟ್ಟು, ಚಾರ್ಜ್ ಒಪ್ಪಿಸಿ ಹೊರಡಿ.

ಪ್ರಶ್ನೆ: ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನ. ಬೇಸಿಕ್ ಮತ್ತು ಡಿಎ ಸೇರಿ ₹18,000. ಸ್ಲಿಪ್ಪಿನಲ್ಲಿ ಪಿಎಫ್ ಎಂದು ₹3,600 ಮುರಿಯುತ್ತಾರೆ. ಓವರ್‌ಟೈಮ್ ಇಲ್ಲ. ನರ್ಸ್‌ಗಳಿಗೆ ಸುಪ್ರೀಂ ಕೋರ್ಟು ₹20,000 ಅಂದಿದೆಯಲ್ಲ? — ಮಂಗಳೂರು

ಉತ್ತರ: ಕೊನೆಯದರಿಂದ ಶುರುಮಾಡೋಣ, ಇದರಲ್ಲಿ ತಪ್ಪು ತಿಳಿವಳಿಕೆ ಬಹಳ. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ನೋಡಲು ಸಮಿತಿ ಮಾಡಿ ಎಂದಿತು. ಆ ಸಮಿತಿ ಕೊಟ್ಟ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ರಾಜ್ಯ ಸರ್ಕಾರಿ ನರ್ಸಿನ ಸಮ ಸಂಬಳ, 100ರಿಂದ 200 ಇದ್ದರೆ ಅದಕ್ಕಿಂತ ಶೇ 10ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ರಿಂದ 100 ಇದ್ದರೆ ಶೇ 25ಕ್ಕೂ ಹೆಚ್ಚು ಕಡಿಮೆಯಾಗಬಾರದು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ ₹20,000ಕ್ಕಿಂತ ಕೆಳಗೆ ಇಳಿಯಬಾರದು. ಇದು ಶಿಫಾರಸು. ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿ. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದ ಮೇಲೆ 2018ರಲ್ಲಿ ಸರ್ಕಾರ ₹20,000 ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ನಿಮಗೆ ಅನ್ವಯಿಸುವುದು ಕರ್ನಾಟಕದ ಕಾರ್ಮಿಕ ಇಲಾಖೆ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳಿಗೆ ಹೊರಡಿಸಿರುವ ಕನಿಷ್ಠ ವೇತನದ ಪಟ್ಟಿ. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಿಂದ ಬದಲಾಗುತ್ತದೆ. ಈ ವರ್ಷದ ಪ್ರತಿ ಇಳಿಸಿಕೊಂಡು ನಿಮ್ಮ ಊರಿನ ವಲಯ, ನಿಮ್ಮ ಹುದ್ದೆ ನೋಡಿ ಹೋಲಿಸಿ.

ಓವರ್‌ಟೈಮ್ ವಿಷಯಕ್ಕೆ ಬರೋಣ. ವಾರದ ಕೆಲಸ 48 ಗಂಟೆ, ನೀವು ಮಾಡುತ್ತಿರುವುದು 72. ಹೆಚ್ಚುವರಿ 24 ಗಂಟೆಗೆ ದರ ದುಪ್ಪಟ್ಟು. ಅಂದರೆ 48 ಗಂಟೆಯ ಕೂಲಿ, ಇನ್ನೊಂದು ಇಡೀ ವಾರದ ಸಂಬಳ! ₹18,000ವನ್ನು 26ರಿಂದ, ಆಮೇಲೆ 8ರಿಂದ ಭಾಗಿಸಿದರೆ ಗಂಟೆಗೆ ₹86.54, ದುಪ್ಪಟ್ಟು ₹173.08, ತಿಂಗಳಿಗೆ 104 ಗಂಟೆಗೆ ಸುಮಾರು ₹18,000. ಹನ್ನೆರಡು ಗಂಟೆ ಡ್ಯೂಟಿ ಹಾಕಿ ಓವರ್‌ಟೈಮ್ ಕೊಡದ ಆಸ್ಪತ್ರೆ ಇಬ್ಬರ ಸಂಬಳದಷ್ಟು ಕೆಲಸವನ್ನು ಒಬ್ಬರ ಸಂಬಳಕ್ಕೆ ಮಾಡಿಸಿಕೊಳ್ಳುತ್ತಿದೆ ಎಂಬುದು ಬರೀ ಬೈಗುಳವಲ್ಲ, ಗಣಿತವೂ ಹೌದು. ಊಟದ ಬಿಡುವಿನ ಹೊತ್ತನ್ನು ಅವರು ಕಳೆಯಬಹುದು, ಆದರೆ ಆ ಹೊತ್ತಲ್ಲಿ ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ದರೆ ಮಾತ್ರ ಅದು ಬಿಡುವು. ಬಂದ ಹೊತ್ತು, ಹೋದ ಹೊತ್ತು ಇರುವ ಡ್ಯೂಟಿ ಚಾರ್ಟಿನ ಫೋಟೊ ಪ್ರತಿ ವಾರ ತೆಗೆದಿಡಿ. ಕಾರ್ಮಿಕ ಇಲಾಖೆಯಲ್ಲಿ ಕೇಳುವ ಮೊದಲ ದಾಖಲೆ ಅದು.

ಪಿಎಫ್: ಮಿತಿಯ ವೇತನ ₹15,000, ಅದರ ಶೇ 12 ಅಂದರೆ ನಿಮ್ಮ ಪಾಲು ₹1,800. ಇನ್ನೊಂದು ₹1,800 ಮಾಲೀಕರ ಪಾಲು. ಅದನ್ನು ನಿಮ್ಮ ಸಂಬಳದಿಂದ ಮುರಿಯುವಂತಿಲ್ಲ. ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆಯಿರಿ. ತಿಂಗಳಿಗೆ ನಿಮ್ಮ ಹೆಸರಿನಲ್ಲಿ 1,800, ಮಾಲೀಕರ ಕಡೆಯಿಂದ (ಪಿಂಚಣಿಯ ಪಾಲು ಇದ್ದರೆ ಅದೂ ಸೇರಿ) ಒಟ್ಟು 1,800 ಬಿದ್ದಿರಬೇಕು. ಏನೂ ಬೀಳದಿದ್ದರೆ ಅದು ಇನ್ನೂ ದೊಡ್ಡ ತಪ್ಪು. ಪಿಎಫ್ ಕಚೇರಿಯ ಕುಂದುಕೊರತೆ ಜಾಲತಾಣದಲ್ಲಿ ಸ್ಲಿಪ್ಪಿನ ಜೊತೆ ದೂರು ಹಾಕಿ. ಒಟ್ಟು ವೇತನ ₹21,000ದೊಳಗಿದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೂಡ ಇರಬೇಕು: ನಿಮ್ಮಿಂದ ಶೇ 0.75, ಅವರಿಂದ ಶೇ 3.25. ಇದೆಯೋ ಇಲ್ಲವೋ ಕೇಳಿ. ಕೆಲಸದಲ್ಲಿ ಆದ ಸೂಜಿ ಗಾಯಕ್ಕೂ ಬೆನ್ನಿನ ಪೆಟ್ಟಿಗೂ ಅದು ಆಸರೆ.

ಪ್ರಶ್ನೆ: ಏಳು ದಿನ ಸತತ ನೈಟ್, ಮುಗಿದ ದಿನವನ್ನೇ ವಾರದ ಆಫ್ ಎಂದು ಎಣಿಸುತ್ತಾರೆ. ಮನೆಯಲ್ಲಿ ಎರಡು ವರ್ಷದ ಮಗು. ಹಗಲು ನಿದ್ದೆ ಬರುವುದಿಲ್ಲ. — ಶಿವಮೊಗ್ಗ

ಉತ್ತರ: ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಮುಗಿಸಿ ಮನೆಗೆ ಬಂದು ಮಲಗುವ ದಿನ ಆಫ್ ಅಲ್ಲ, ಅದು ರಾತ್ರಿ ಪಾಳಿಯ ಬಾಲ. ನಿಜವಾದ ಆಫ್ ಅದರ ಮರುದಿನದಿಂದ ಎಣಿಕೆಯಾಗಬೇಕೆಂದು ಒಟ್ಟಾಗಿ ಕೇಳಿ. ಇನ್ನೊಂದು ಕೋರಿಕೆ: ಹನ್ನೆರಡು ಗಂಟೆಯ ನೈಟ್ ಆದರೆ ಸತತ ಮೂರಕ್ಕಿಂತ ಹೆಚ್ಚು ಬೇಡ, ಮತ್ತು ಪಾಳಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯಲಿ. ರಾತ್ರಿಯಿಂದ ಮಧ್ಯಾಹ್ನಕ್ಕೆ ಹಿಂದೆ ಹಾರಿಸಿದರೆ ದೇಹ ಹೊಂದಿಕೊಳ್ಳುವುದು ಕಷ್ಟ. ಇದಕ್ಕೆ ಆಸ್ಪತ್ರೆಗೆ ಒಂದು ರೂಪಾಯಿ ಖರ್ಚಿಲ್ಲ, ಚಾರ್ಟ್ ಬರೆಯುವವರು ಮನಸ್ಸು ಮಾಡಬೇಕಷ್ಟೇ.

ನಿದ್ದೆಗೆ: ಬೆಳಗಿನ ಜಾವ ಮೂರರ ನಂತರ ಕಾಫಿ, ಚಹಾ ಬಿಡಿ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೆದುಳು ಎದ್ದು ಕೂರುತ್ತದೆ. ಇಡ್ಲಿ, ಗಂಜಿಯಂಥ ಹಗುರವಾದದ್ದು ತಿಂದು ಒಂಬತ್ತೂವರೆಗೆ ಮಲಗಿ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಫೋನು ಬೇರೆ ಕೋಣೆಯಲ್ಲಿರಲಿ. ಎರಡು ಗಂಟೆಯವರೆಗೆ ನಾಲ್ಕೂವರೆ ತಾಸು ಸಿಕ್ಕರೆ, ಸಂಜೆ ಹೊರಡುವ ಮೊದಲು ಒಂದೂವರೆ ತಾಸು ಮತ್ತೆ ಮಲಗಿ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಇಲ್ಲಿ ನಿಜವಾದ ಪ್ರಶ್ನೆ. ‘ಮನೆಯಲ್ಲೇ ಇದ್ದೀಯಲ್ಲ’ ಎಂದು ಹಗಲು ಮಗುವನ್ನೂ ಅಡುಗೆಯನ್ನೂ ನಿಮಗೇ ಬಿಟ್ಟರೆ ಯಾವ ಉಪಾಯವೂ ನಡೆಯದು. ಯಜಮಾನರಿಗೂ ಅತ್ತೆಯವರಿಗೂ ಈ ಪುಟವನ್ನೇ ಓದಲು ಕೊಡಿ: ನೈಟ್ ಮುಗಿಸಿದ ನರ್ಸಿಗೆ ಬೆಳಗಿನ ಒಂಬತ್ತೂವರೆ ಅಂದರೆ ನಮ್ಮ ನಿಮ್ಮ ರಾತ್ರಿ ಹತ್ತು ಗಂಟೆ. ಐವತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಮಕ್ಕಳ ಕೂಸಿನ ಮನೆ ಇರಬೇಕೆಂಬ ಕಾನೂನೂ ಇದೆ.

ತೂಕಡಿಕೆಯಲ್ಲಿ ಸ್ಕೂಟಿ ಓಡಿಸಬೇಡಿ. ಬಸ್ಸಿಗೆ ಬನ್ನಿ, ಇಲ್ಲವೇ ಆಸ್ಪತ್ರೆಯಲ್ಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಹೊರಡಿ.

ಪ್ರಶ್ನೆ: ರೋಗಿಗಳನ್ನು ಎತ್ತಿ ಎತ್ತಿ ಸೊಂಟ ನೋವು. ಬೆಲ್ಟ್ ಹಾಕಿದರೆ ಸಾಕೇ? — ಬಾಗಲಕೋಟೆ

ಉತ್ತರ: ಬೆಲ್ಟ್ ರಕ್ಷಣೆ ಕೊಡುವುದಿಲ್ಲ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 16 ಕಿಲೊ ಮೀರಬಾರದು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಮಿತಿ. 60 ಕಿಲೊ ರೋಗಿಯನ್ನು ಇಬ್ಬರು ಎತ್ತಿದರೂ ಅದು ಮೀರುತ್ತದೆ. ಆದ್ದರಿಂದ ಎತ್ತಬೇಡಿ, ಜಾರಿಸಿ. ಮಂಚದ ಬ್ರೇಕ್ ಹಾಕಿ, ಹ್ಯಾಂಡಲ್ ತಿರುಗಿಸಿ ಹಾಸಿಗೆಯನ್ನು ನಿಮ್ಮ ಸೊಂಟದ ಎತ್ತರಕ್ಕೆ ತಂದು, ಡ್ರಾ ಶೀಟ್ (ರೋಗಿಯ ಕೆಳಗೆ ಅಡ್ಡ ಹಾಸುವ ಬಟ್ಟೆ) ಕೆಳಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಸಿ ಎರಡೂ ಕಡೆಯಿಂದ ಎಳೆಯಿರಿ. ರೋಗಿ ನಿಮ್ಮ ಕುತ್ತಿಗೆ ಹಿಡಿದು ಏಳಲು ಬಿಡಬೇಡಿ. ಮಂಚದ ಹ್ಯಾಂಡಲ್ ಮುರಿದಿದ್ದರೆ ಅದನ್ನು ರಿಪೇರಿ ಪುಸ್ತಕದಲ್ಲಿ ಬರೆಯುವುದೇ ಸೊಂಟಕ್ಕೆ ಮೊದಲ ಮದ್ದು. ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ರೋಗಿ ತೀರಿಕೊಂಡಾಗ ಸಂಬಂಧಿಕರು ನನ್ನ ಕೆನ್ನೆಗೆ ಹೊಡೆದರು. ‘ಪಾಪ ದುಃಖದಲ್ಲಿದ್ದಾರೆ, ಬಿಡಿ ಸಿಸ್ಟರ್’ ಎಂದರು ಆಡಳಿತದವರು. — ಬೆಳಗಾವಿ

ಉತ್ತರ: ದುಃಖಕ್ಕೆ ಮರುಗೋಣ, ಹೊಡೆತಕ್ಕಲ್ಲ. ಕರ್ನಾಟಕದಲ್ಲಿ 2009ರಿಂದಲೇ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಪ್ರತ್ಯೇಕ ಕಾಯ್ದೆ ಇದೆ. ಅದರಲ್ಲಿ ನರ್ಸ್‌ಗಳೂ ಸೇರಿದ್ದಾರೆ, ಅಪರಾಧ ಜಾಮೀನುರಹಿತ. ದೂರು ಆಸ್ಪತ್ರೆಯ ಹೆಸರಿನಲ್ಲಿ ಹೋಗಲಿ ಎಂದು ಬರಹದಲ್ಲಿ ಕೇಳಿ. ನಿಮ್ಮೊಬ್ಬರ ಹೆಸರಿನಲ್ಲಿ ಹೋದರೆ ರಾಜಿಗೆ ಒತ್ತಡ ಬರುವುದು ನಿಮ್ಮ ಮನೆ ಬಾಗಿಲಿಗೆ. ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಮಾಡಿಸಬೇಕೆಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ತನ್ನ ಕೆಳಗಿನ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿಗೆ ಆದೇಶಿಸಿದೆ. ಉಳಿದ ಕಡೆಯೂ ಅದನ್ನೇ ಮಾದರಿಯಾಗಿ ತೋರಿಸಬಹುದು. ಗಾಯವನ್ನು ಅದೇ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಿ. ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅದೇ ದಿನ ಪತ್ರ ಕೊಡಿ, ದಿನ ಕಳೆದರೆ ಅದರ ಮೇಲೆ ಹೊಸದು ಅಚ್ಚಾಗಿಬಿಡುತ್ತದೆ.

ಪ್ರಶ್ನೆ: ಐಸಿಯುನಲ್ಲಿ ಒಂಬತ್ತು ವರ್ಷ. ಮೊದಲು ರೋಗಿ ಕಣ್ಣು ಬಿಟ್ಟರೆ ಹಬ್ಬವಾಗುತ್ತಿತ್ತು. ಈಗ ಯಾರು ಬಂದರೂ ಹೋದರೂ ಏನೂ ಅನಿಸುವುದಿಲ್ಲ. ಬ್ಯಾಂಕ್ ಪರೀಕ್ಷೆ ಬರೆಯಲೇ? — ಮೈಸೂರು

ಉತ್ತರ: ಏನೂ ಅನಿಸದಿರುವುದು ಕಲ್ಲುಮನಸ್ಸಲ್ಲ. ದಣಿವು, ಕೆಲಸದಿಂದ ಮನಸ್ಸು ದೂರವಾಗುವುದು, ‘ನಾನೇನು ಮಾಡಿದರೂ ಅಷ್ಟೇ’ ಎಂಬ ಭಾವ, ಈ ಮೂರೂ ಸೇರಿದರೆ ಬರ್ನ್‌ಔಟ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಅದು ಕೆಲಸದ ಪರಿಸ್ಥಿತಿಯಿಂದ ಬರುವಂಥದ್ದು, ವ್ಯಕ್ತಿಯ ಕಾಯಿಲೆ ಎಂದು ಅದನ್ನು ಪಟ್ಟಿ ಮಾಡಿಲ್ಲ. ಪರೀಕ್ಷಿಸಲು ಒಂದು ದಾರಿ: ಹದಿನೈದು ದಿನ ರಜೆ ಹಾಕಿ. ಹತ್ತನೇ ದಿನಕ್ಕೆ ಮನಸ್ಸು ತಿಳಿಯಾಗಿ, ವಾರ್ಡಿನ ನೆನಪು ಬಂದರೆ ನಿಮಗೆ ಬೇಕಾದದ್ದು ವಿಶ್ರಾಂತಿ ಮತ್ತು ಒಳ್ಳೆಯ ಚಾರ್ಟು. ಡ್ಯೂಟಿಯ ನೆನಪಿಗೇ ಎದೆ ಹಿಡಿದರೆ ಜಾಗ ಬದಲಿಸಬೇಕು. ಮನೆ, ಮಕ್ಕಳು, ಊಟ ಯಾವುದೂ ಬೇಡವೆನಿಸಿದರೆ ಅದು ಖಿನ್ನತೆ ಇರಬಹುದು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಬ್ಯಾಂಕ್ ಪರೀಕ್ಷೆ ಬರೆಯುವುದು ನಿಮ್ಮ ಇಷ್ಟ. ಆದರೆ ಒಂಬತ್ತು ವರ್ಷದ ಐಸಿಯು ಕೈ ಅಂದರೆ ಅದನ್ನು ಸುಲಭಕ್ಕೆ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಬಿಡುವ ಮೊದಲು ಅದೇ ವೃತ್ತಿಯೊಳಗಿನ ಬೇರೆ ಬಾಗಿಲುಗಳನ್ನು ತಟ್ಟಿ. ಸೋಂಕು ನಿಯಂತ್ರಣ ನರ್ಸ್ ಆದರೆ ಹೆಚ್ಚಾಗಿ ಹಗಲು ಕೆಲಸ, ನಿಮ್ಮ ಅನುಭವವೆಲ್ಲ ಬಳಕೆಗೆ ಬರುತ್ತದೆ. ಬಿಎಸ್‌ಸಿ ಆಗಿದ್ದರೆ ಎರಡು ವರ್ಷದ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಪದವಿ ಇದೆ. ಜಿಎನ್‌ಎಂ ಆಗಿದ್ದರೆ ಪೋಸ್ಟ್ ಬೇಸಿಕ್ ಬಿಎಸ್‌ಸಿ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸ ಪೂರ್ತಿ ಬೇರೆ ಲೋಕ: ಬಿಪಿ, ಶುಗರ್, ಬಾಣಂತಿ, ಅದೇ ಮುಖಗಳು ತಿಂಗಳು ತಿಂಗಳೂ ಬರುತ್ತವೆ. ಐಸಿಯುನಲ್ಲಿ ನಾವು ಕಳೆದುಕೊಳ್ಳುವುದು ಇದನ್ನೇ: ವಾಸಿಯಾದವರು ವಾರ್ಡಿಗೆ ಹೋಗುತ್ತಾರೆ, ಅಲ್ಲಿಂದ ಮನೆಗೆ. ಅವರು ನಡೆದದ್ದನ್ನು ನೀವು ನೋಡುವುದೇ ಇಲ್ಲ, ಕಣ್ಣ ಮುಂದೆ ಉಳಿಯುವುದು ಹೋದವರ ಮುಖ ಮಾತ್ರ. ಕೆಲಸ ಬದಲಿಸದಿದ್ದರೂ ಒಂದು ಮಾಡಿ. ನಿಮ್ಮ ಐಸಿಯುನಿಂದ ವಾರ್ಡಿಗೆ ಹೋದವರನ್ನು ಎರಡು ದಿನ ಬಿಟ್ಟು ಐದು ನಿಮಿಷ ನೋಡಿಬರುವ ಪದ್ಧತಿ ಹಾಕಿಕೊಳ್ಳಿ, ಹೊಸ ಸಿಸ್ಟರ್‌ಗಳನ್ನೂ ಕರೆದೊಯ್ಯಿರಿ.

ಪ್ರಶ್ನೆ: ಜರ್ಮನಿಗೆ ಕಳಿಸುತ್ತೇವೆಂದು ಏಜೆಂಟರು ನಾಲ್ಕು ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ? — ಉಡುಪಿ

ಉತ್ತರ: ಕೊಡಬೇಡಿ. ಲೈಸೆನ್ಸ್ ಇರುವ ನೇಮಕಾತಿ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ₹30,000 ಮತ್ತು ಜಿಎಸ್‌ಟಿ ಮಿತಿ. ಅವರ ಲೈಸೆನ್ಸ್ ನಂಬರನ್ನು ಕೇಂದ್ರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ಅಲ್ಲೂ ವಿಚಾರಿಸಿ. ಜರ್ಮನ್ ಭಾಷೆ ಬಿ1, ಆಮೇಲೆ ಬಿ2 ಹಂತಕ್ಕೆ ಮುಟ್ಟಲು ಕೆಲಸದ ಜೊತೆ ಕಲಿತರೆ ಒಂದು ವರ್ಷ ಮೀರುತ್ತದೆ. ಅಲ್ಲಿ ಇಳಿದ ಮೇಲೂ ನಿಮ್ಮ ಪದವಿಗೆ ಮಾನ್ಯತೆ ಸಿಗುವವರೆಗೆ ಸಹಾಯಕಿಯ ಹುದ್ದೆ, ಸಂಬಳವೂ ಕಡಿಮೆ. ಇದನ್ನು ಏಜೆಂಟರು ಹೇಳುವುದಿಲ್ಲ.

ಯಾವ ದೇಶಕ್ಕೇ ಹೋಗಲಿ, ಅನುಭವ ಪತ್ರ ಸರಿಯಿಲ್ಲದೆ ಕೆಲಸ ನಿಲ್ಲುವುದು ಬಹಳ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ಯಾವ ವಾರ್ಡು, ಆಸ್ಪತ್ರೆಯ ಹಾಸಿಗೆ ಸಂಖ್ಯೆ, ವಾರಕ್ಕೆ ಎಷ್ಟು ಗಂಟೆ, ಸಹಿ ಮಾಡಿದವರ ಹೆಸರು, ಆಸ್ಪತ್ರೆಯ ಇಮೇಲ್ ಎಲ್ಲ ಅದರಲ್ಲಿರಲಿ. ಪರಿಶೀಲನೆ ಮಾಡುವ ಸಂಸ್ಥೆಗಳು ನೇರವಾಗಿ ಆ ಇಮೇಲಿಗೇ ಬರೆದು ಕೇಳುತ್ತವೆ. ಸಣ್ಣ ನರ್ಸಿಂಗ್ ಹೋಂಗಳು ಮುಚ್ಚಿಹೋಗುತ್ತವೆ, ಡಾಕ್ಟರು ಊರು ಬಿಡುತ್ತಾರೆ. ಐದು ವರ್ಷದ ನಂತರ ಹುಡುಕಿಕೊಂಡು ಹೋಗುವ ಬದಲು ಕೆಲಸ ಬಿಡುವ ದಿನವೇ ಎರಡು ಪ್ರತಿ ಪಡೆದುಕೊಳ್ಳಿ.